ಬೆಕ್ಕಿನ ಊಟದ ವಿಷಯದಲ್ಲಿ ಯಾರ ಮಾತು ನಂಬಬೇಕು? ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಬೆಕ್ಕಿಗೆ ಏನು ಹಾಕಬೇಕು ಅಂತ ಕೇಳಿದರೆ ಕೊಡಗಿನಲ್ಲಿ ಉತ್ತರಕ್ಕೇನೂ ಬರವಿಲ್ಲ. ಹಾಲು ಅನ್ನ ತಿಂದುಕೊಂಡೇ ನಮ್ಮನೆ ಬೆಕ್ಕು ಹದಿನಾಲ್ಕು ವರ್ಷ ಬದುಕಿತ್ತು ಎನ್ನುವ ಅಜ್ಜಿ ಇದ್ದಾರೆ. ಉಳಿದ ಮತ್ತಿಯನ್ನು ಕವರಿಗೆ ಹಾಕಿ "ಬೆಕ್ಕಿಗೆ ಕೊಡಿ ಅಕ್ಕಾ, ಕೂದಲು ಮಿಂಚ್ತದೆ" ಎನ್ನುವ ಮೀನಿನವನಿದ್ದಾನೆ. ಹಸಿ ಮಾಂಸ ಬಿಟ್ಟು ಬೇರೆ ಏನು ಕೊಟ್ಟರೂ ವಿಷ ಎಂದು ರೀಲ್ಸ್‌ನಲ್ಲಿ ಗದರುವವರಂತೂ ಲೆಕ್ಕವಿಲ್ಲದಷ್ಟು. ಯಾರ ದನಿಯಲ್ಲೂ ಅನುಮಾನದ ಎಳೆಯಿಲ್ಲ. ಅಜ್ಜಿಯ ಬೆಕ್ಕು ಹಾಲು ಅನ್ನದ ಜೊತೆಗೆ ಭತ್ತದ ಕಣಜದ ಇಲಿಗಳನ್ನೂ ತಿಂದು ಬದುಕಿತ್ತು ಅನ್ನುವುದು ಮಾತ್ರ ಆ ಲೆಕ್ಕದಲ್ಲಿ ಸೇರಿರುವುದಿಲ್ಲ.

ಸಲಹೆ ಯಾರದ್ದೇ ಇರಲಿ, ನಾನು ಅದಕ್ಕೆ ಹಾಕುವ ಪ್ರಶ್ನೆ ಇಷ್ಟೇ: ಯಾವ ಬೆಕ್ಕಿಗೆ, ದಿನಕ್ಕೆ ಎಷ್ಟು, ಎಷ್ಟು ಕಾಲ? ಇದಕ್ಕೆ ಉತ್ತರ ಕೊಡಲಾಗದ ಸಲಹೆಯನ್ನು ಅನುಸರಿಸಲು ಸಾಧ್ಯವೇ ಇಲ್ಲ, ಹೇಳಿದವರು ಡಾಕ್ಟರೇ ಆಗಿದ್ದರೂ. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಮೊದಲ ಹೆಜ್ಜೆ: ಹುಡುಕುವ ಮುಂಚೆ ನಿಮ್ಮ ಬೆಕ್ಕನ್ನು ಅಳೆಯಿರಿ

ಒಂದು ಹಾಳೆಯಲ್ಲಿ ಬೆಕ್ಕಿನ ವಯಸ್ಸು, ತೂಕ, ಮರಿಯಾಗದ ಹಾಗೆ ಆಪರೇಷನ್ ಆಗಿದೆಯೋ ಇಲ್ಲವೋ, ಮನೆಯೊಳಗೇ ಇರುತ್ತದೋ ತೋಟ ಸುತ್ತುತ್ತದೋ, ಹಿಂದೆ ಏನಾದರೂ ಕಾಯಿಲೆ ಬಂದಿತ್ತೋ ಎಂದು ಬರೆಯಿರಿ. ತೂಕದ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ಕುಯ್ಲಿನ ಕಾಲದಲ್ಲಿ ಸಂಜೆ ಕಾಫಿ ಹಣ್ಣು ತೂಗಲು ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ ಬಹಳಷ್ಟು ತೋಟದ ಮನೆಗಳಲ್ಲಿ ಇರುತ್ತದೆ. ಖಾಲಿ ಬುಟ್ಟಿ ಇಟ್ಟು ಸೊನ್ನೆಗೆ ತಂದುಕೊಂಡು, ಬುಟ್ಟಿಯೊಳಗೆ ಬೆಕ್ಕನ್ನು ಕೂರಿಸಿ, ಮೇಲೊಂದು ಟವೆಲ್ ಮುಚ್ಚಿ. ಕತ್ತಲಾದರೆ ಒಂದು ಕ್ಷಣವಾದರೂ ಸುಮ್ಮನಿರುತ್ತದೆ, ಅಷ್ಟು ಸಾಕು. ನೂರು ಗ್ರಾಮಿನ ಹಂತದಲ್ಲಿ ತೋರಿಸುವ ತಕ್ಕಡಿಯಾದರೆ ತಿಂಗಳ ಏರಿಳಿತ ಸರಿಯಾಗಿ ಗೊತ್ತಾಗದು, ಆಗ ಅಂಚೆ ಪಾರ್ಸೆಲ್ ತೂಗುವಂಥ ಚಿಕ್ಕದು ಮೇಲು. ತಕ್ಕಡಿಯೇ ಇಲ್ಲದವರು ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ಕಳೆದು ನೋಡಿದರಾಯಿತು.

ತೂಕದ ಅಂಕಿ ಒಂದೇ ಸಾಲದು. ನಾಲ್ಕು ಕಿಲೋ ಒಂದು ಬೆಕ್ಕಿಗೆ ಸರಿ, ಸಣ್ಣ ಎಲುಬಿನ ಇನ್ನೊಂದಕ್ಕೆ ಬೊಜ್ಜು. ಪಶುವೈದ್ಯರು ಬಳಸುವುದು ಒಂದರಿಂದ ಒಂಬತ್ತರವರೆಗಿನ ದೇಹಸ್ಥಿತಿ ಅಂಕ. ಐದು ಸರಿಯಾದ ಸ್ಥಿತಿ. ಬೆರಳಿನಿಂದ ಪಕ್ಕೆ ಸವರಿದಾಗ ಎಲುಬು ತೆಳ್ಳನೆಯ ಹೊದಿಕೆಯಡಿ ಸುಲಭವಾಗಿ ಕೈಗೆ ಸಿಗಬೇಕು, ನಿಮ್ಮ ಅಂಗೈ ಹಿಂಬದಿಯ ಎಲುಬುಗಳನ್ನು ಸವರಿದ ಹಾಗೆ. ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಹೆಚ್ಚಾಗಿದೆ. ದೂರದಿಂದಲೇ ಎಲುಬು ಎಣಿಸಲು ಸಾಧ್ಯವಾದರೆ ಸೊರಗಿದೆ. ಈ ಅಂಕಪಟ್ಟಿ ಚಿತ್ರಗಳ ಸಮೇತ ವಿಶ್ವ ಸಣ್ಣ ಪ್ರಾಣಿ ಪಶುವೈದ್ಯರ ಸಂಘ, ಅಂದರೆ ಡಬ್ಲ್ಯುಎಸ್‌ಎವಿಎ, ಪುಕ್ಕಟೆಯಾಗಿ ಕೊಡುತ್ತದೆ. ಚಿತ್ರ ನೋಡಿದರೆ ಸಾಕು, ಇಂಗ್ಲಿಷ್ ಓದಲೇಬೇಕೆಂದಿಲ್ಲ.

ನಂತರ ಮೂರು ದಿನ ಬೆಕ್ಕಿನ ಹೊಟ್ಟೆಗೆ ಹೋದದ್ದನ್ನೆಲ್ಲ ಬರೆಯಿರಿ. ಅಡುಗೆಮನೆಯಲ್ಲಿ ಅಮ್ಮ ಹಾಕಿದ್ದು, ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ಬಿಸ್ಕತ್ತು ತಿನ್ನಿಸಿದ್ದು, ಹಾಲು ಕರೆಯುವಾಗ ಸಿಕ್ಕಿದ್ದು, ಎಲ್ಲವೂ ಬೇಕು. ಏನೂ ತಿನ್ನಲ್ಲ ಅಂತ ಡಾಕ್ಟರ ಹತ್ತಿರ ಕರೆತರುವ ಬೆಕ್ಕುಗಳಲ್ಲಿ ಎಷ್ಟೋ ಎರಡು ಮನೆ ಊಟ ಮುಗಿಸಿ ಬಂದಿರುತ್ತವೆ.

ಎರಡನೇ ಹೆಜ್ಜೆ: ಸುಳ್ಳು ಜರಡಿ ಹಿಡಿಯಲು ಬೇಕಾದಷ್ಟು ವಿಜ್ಞಾನ

ಬೆಕ್ಕು ಅಪ್ಪಟ ಮಾಂಸಾಹಾರಿ ಅನ್ನುವುದು ಅದರ ಇಷ್ಟಾನಿಷ್ಟದ ಮಾತಲ್ಲ, ಒಡಲಿನ ರಚನೆಯೇ ಹಾಗಿದೆ. ಟಾರಿನ್ ಎಂಬ ಅಮೈನೋ ಆಮ್ಲವನ್ನು ನಾಯಿ ತನ್ನ ದೇಹದಲ್ಲೇ ಸಾಮಾನ್ಯವಾಗಿ ಬೇಕಾದಷ್ಟು ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಅಷ್ಟು ಆಗುವುದಿಲ್ಲ. ಮಾಂಸ, ಮೀನುಗಳಿಂದಲೇ ಅದು ಸಿಗಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ಗೊತ್ತಾಯಿತು. ಹೃದಯದ ಸ್ನಾಯು ಹಿಗ್ಗಿ ಸೋಲುವ ಕಾಯಿಲೆಗೂ ಇದೇ ಕಾರಣ ಎಂಬುದು ಹೊರಬಂದದ್ದು 1987ರಲ್ಲಿ. ಆ ಹೊತ್ತಿಗೆ ಅಂಗಡಿಯಲ್ಲಿ ಮಾರುತ್ತಿದ್ದ ಸಿದ್ಧ ಆಹಾರ ತಿಂದ ಬೆಕ್ಕುಗಳಲ್ಲೂ ಆ ಕಾಯಿಲೆ ಕಂಡಿತ್ತು. ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದ್ದು ಆಮೇಲೆ.

ಇದರ ಜೊತೆಗೆ ಕ್ಯಾರೆಟ್, ಕುಂಬಳಕಾಯಿಯ ಬೀಟಾ ಕ್ಯಾರೊಟಿನ್ನನ್ನು ವಿಟಮಿನ್ 'ಎ' ಆಗಿ ಬದಲಿಸಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ, ಅದು ಪ್ರಾಣಿಮೂಲದಿಂದ ನೇರವಾಗಿ ಸಿಗಬೇಕು. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶದ ಕಥೆಯೂ ಹಾಗೇ. ನಯಾಸಿನ್ ಎಂಬ ಬಿ ವಿಟಮಿನ್ನನ್ನೂ ಬೆಕ್ಕು ಸಾಕಷ್ಟು ಮಾಡಿಕೊಳ್ಳದು.

ಇಷ್ಟು ಗೊತ್ತಿದ್ದರೆ ಅರ್ಧದಷ್ಟು ಸಲಹೆಗಳು ತಾವಾಗಿಯೇ ಉದುರುತ್ತವೆ. ನಾಯಿ ಆಹಾರವನ್ನೇ ಬೆಕ್ಕಿಗೂ ಹಾಕಿ ಅನ್ನುವವರಿಗೆ ಟಾರಿನ್ ವಿಷಯ ತಿಳಿದಿಲ್ಲ. ಮೊಸರನ್ನ ತಿಂದು ಆರೋಗ್ಯವಾಗಿದೆ ಅನ್ನುವ ಬೆಕ್ಕು ಹೊರಗೆ ಬೇಟೆಯಾಡುತ್ತಿರಬಹುದು, ಇಲ್ಲವೇ ಕೊರತೆ ಇನ್ನೂ ಹೊರಗೆ ಕಾಣಿಸದಿರಬಹುದು. ಇದು ತಿಂಗಳುಗಟ್ಟಲೆ ಒಳಗೊಳಗೇ ಬೆಳೆಯುವ ಜಾತಿಯದು. ಸಸ್ಯಾಹಾರಿ ಮನೆಯವರಿಗೆ ನನ್ನ ಸಲಹೆ ನೇರವಾದದ್ದು: ಅಡುಗೆಮನೆಗೆ ಮಾಂಸ ತರಲಾಗದಿದ್ದರೆ ಸಿದ್ಧ ಬೆಕ್ಕಿನ ಆಹಾರದ ಪೊಟ್ಟಣವನ್ನು ಹೊರಜಗಲಿಯಲ್ಲಿಟ್ಟು ಅಲ್ಲೇ ಹಾಕಿ. ಬೆಕ್ಕನ್ನು ಮೊಸರನ್ನದ ಮೇಲೆ ಸಾಕಲು ಹೋಗಬೇಡಿ.

ಹಾಗಂತ ಮಾಂಸ ಮಾತ್ರ ಹಾಕಿದರೂ ಸರಿಹೋಗದು. ಎಲುಬಿಲ್ಲದ ಕೋಳಿ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಮ್ಮಿ. ಬೆಳೆಯುವ ಮರಿಗೆ ಅದೊಂದನ್ನೇ ಹಾಕುತ್ತ ಹೋದರೆ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮೇಜಿನಿಂದ ಹಾರಿದರೂ ಕಾಲು ಮುರಿಯುವ ಹಂತಕ್ಕೆ ಬರುತ್ತದೆ. ಲಿವರ್ ಒಳ್ಳೆಯದೆಂದು ದಿನಾ ಹಾಕಿದರೆ ವಿಟಮಿನ್ 'ಎ' ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. "ಎಷ್ಟು, ಎಷ್ಟು ಕಾಲ" ಎಂಬ ಪ್ರಶ್ನೆ ಬೇಕಾಗುವುದು ಇಂಥ ಕಡೆ. ವಾರಕ್ಕೊಮ್ಮೆ ಚಿಟಿಕೆಯಷ್ಟು ಲಿವರ್ ಬೇರೆ, ದಿನಾ ಬಟ್ಟಲು ತುಂಬ ಲಿವರ್ ಬೇರೆ.

ಮೂರನೇ ಹೆಜ್ಜೆ: ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು

ಕನ್ನಡದಲ್ಲಿ 'ಬೆಕ್ಕಿನ ಆಹಾರ' ಎಂದು ಹುಡುಕಿದರೆ ಬರುವುದರಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಯಂತ್ರ ಅನುವಾದ ಮಾಡಿದ್ದು, ಇಲ್ಲವೇ ವಿಡಿಯೊ. ಬೇಸರದ ಸಂಗತಿ, ಆದರೆ ಸದ್ಯಕ್ಕೆ ಒಳ್ಳೆಯ ಮಾಹಿತಿ ಇಂಗ್ಲಿಷಿನಲ್ಲೇ ಇದೆ. ಫೋನಿನ ಅನುವಾದ ಸೌಲಭ್ಯ ಬಳಸಿ ಓದಬಹುದು. ಅಂಕಿ ಮತ್ತು ಅಳತೆಗಳನ್ನು ಮಾತ್ರ ಮೂಲದ ಜೊತೆ ಒಮ್ಮೆ ತಾಳೆ ನೋಡಿ.

ಮೊದಲು ತೆರೆಯಬೇಕಾದದ್ದು ಮರ್ಕ್ ಪಶುವೈದ್ಯ ಕೈಪಿಡಿ. ಅಮೆರಿಕ, ಕೆನಡಾಗಳ ಹೊರಗೆ ಇದಕ್ಕೆ ಎಂಎಸ್‌ಡಿ ಎಂಬ ಹೆಸರು. 1955ರಿಂದ ಬರುತ್ತಿರುವ ಇದು ಅಂತರ್ಜಾಲದಲ್ಲಿ ಪೂರ್ತಿ ಉಚಿತ. ವೈದ್ಯರಿಗೊಂದು, ಸಾಕುವವರಿಗೊಂದು ಹೀಗೆ ಎರಡು ಆವೃತ್ತಿಗಳಿವೆ. ಮೊದಲು ಸಾಕುವವರದ್ದನ್ನು ಓದಿ, ಅಂಕಿ ಬೇಕಾದಾಗ ವೈದ್ಯರದ್ದಕ್ಕೆ ಹೋಗಿ. ಕಾಯಿಲೆ ಮತ್ತು ಆಹಾರದ ಸಂಬಂಧ ಓದಲು ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕಿನ ಆರೋಗ್ಯ ಕೇಂದ್ರ, ದಿನಬಳಕೆಯ ಸಂದೇಹಗಳಿಗೆ ಇಂಗ್ಲೆಂಡಿನ ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್, ಮಾರುಕಟ್ಟೆಯ ಹೊಸ ಹೊಸ ಹೇಳಿಕೆಗಳ ಪರಿಶೀಲನೆಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಪೆಟ್‌ಫುಡಾಲಜಿ. ಇವಿಷ್ಟು ಸಾಕು. ನಲವತ್ತು ಕಡೆ ಅಲೆಯುವುದಕ್ಕಿಂತ ಇವನ್ನೇ ತಿರುಗಿ ತಿರುಗಿ ಓದುವುದು ಲಾಭ.

ಹುಡುಕುವಾಗ ಪ್ರಶ್ನೆಯನ್ನು ಉತ್ತರದ ಕಡೆಗೆ ವಾಲಿಸಬೇಡಿ. 'ಬೆಕ್ಕಿಗೆ ಹಸಿ ಮಾಂಸದ ಪ್ರಯೋಜನ' ಎಂದು ಕೇಳಿದರೆ ಪ್ರಯೋಜನಗಳೇ ಸಾಲುಸಾಲಾಗಿ ಬರುತ್ತವೆ. 'ಬೆಕ್ಕು ಹಸಿ ಮಾಂಸ ಅಪಾಯ ಅಧ್ಯಯನ' ಎಂದೂ ಒಮ್ಮೆ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಐ ಚಾಟ್‌ಬಾಟ್ ಕೇಳುವವರೂ ಇದನ್ನೇ ಮಾಡಬೇಕು. ಅದು ಕೊಟ್ಟ ಪ್ರತಿ ಅಂಕಿಗೂ ಮೂಲ ಕೇಳಿ, ಆ ಮೂಲ ನಿಜವಾಗಿ ಇದೆಯೇ ಎಂದು ತೆರೆದು ನೋಡಿ. ಇಲ್ಲದ ಮೂಲವನ್ನು ಇದೆ ಅಂತ ಧೈರ್ಯವಾಗಿ ಹೇಳುವ ಚಾಳಿ ಅದಕ್ಕಿದೆ.

ಬರೆದವರು ಯಾರು ಎಂಬುದನ್ನು ಪುಟದ ಕೊನೆಯಲ್ಲಿ ನೋಡಿ. ನಮ್ಮಲ್ಲಿ ಪಶುವೈದ್ಯರ ಪದವಿ ಬಿವಿಎಸ್‌ಸಿ ಅಂಡ್ ಎಎಚ್. ಪೋಷಣೆಯಲ್ಲೇ ಹೆಚ್ಚು ಓದಿದವರ ಹೆಸರಿನ ಮುಂದೆ ಅನಿಮಲ್ ನ್ಯೂಟ್ರಿಷನ್ ವಿಷಯದ ಎಂವಿಎಸ್‌ಸಿ ಅಥವಾ ಪಿಎಚ್‌ಡಿ ಇರುತ್ತದೆ. ಅಮೆರಿಕದ ಪರಿಣತರಿಗೆ ಡಿಎಸಿವಿಎನ್ ಎಂಬ ಬಿರುದು ಇತ್ತು, ಯುರೋಪಿನಲ್ಲಿ ಇಸಿವಿಸಿಎನ್ ಎಂಬ ಮಂಡಳಿ ಇದೆ. 'ಪೆಟ್ ನ್ಯೂಟ್ರಿಷನಿಸ್ಟ್' ಎಂಬ ಬರೀ ಹೆಸರಿಗೆ ಯಾವ ಬೆಲೆಯೂ ಇಲ್ಲ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳಬಹುದು. ಪದವಿ ಇದ್ದವರೆಲ್ಲ ಸರಿ ಎಂದಲ್ಲ. ಸಲಹೆಯ ಕೆಳಗೇ ತಮ್ಮದೇ ಪೌಡರ್ ಡಬ್ಬಿಯ ಲಿಂಕ್ ಹಾಕುವ ಡಾಕ್ಟರಿಗೂ ಅದೇ ಮೂರು ಪ್ರಶ್ನೆ.

ದಿನಾಂಕವೂ ಮುಖ್ಯ. ಹಸಿ ಆಹಾರದ ಪರ ವಾದಿಸುವವರು ಇಂದಿಗೂ ತೋರಿಸುವುದು ಅಮೆರಿಕದ ವೈದ್ಯ ಪಾಟೆಂಜರ್ 1932ರಿಂದ 1942ರವರೆಗೆ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗವನ್ನು. ಬೇಯಿಸಿದ ಮಾಂಸ ತಿಂದವು ತಲೆಮಾರಿನಿಂದ ತಲೆಮಾರಿಗೆ ಕುಗ್ಗಿದವು, ಹಸಿ ತಿಂದವು ಗಟ್ಟಿಯಾಗಿದ್ದವು ಎಂಬುದು ಅದರ ಸಾರ. ಬೆಕ್ಕಿಗೆ ಟಾರಿನ್ ಬೇಕೇಬೇಕು ಎಂಬುದೇ ಆ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಬೇಯಿಸಿದಾಗ ಟಾರಿನ್ನಿನ ಒಂದು ಭಾಗ ನೀರಿಗೆ ಇಳಿದುಹೋಗುತ್ತದೆ. ಇಂದಿನ ಟಾರಿನ್ ಸೇರಿಸಿದ ಆಹಾರಕ್ಕೆ ಆ ಫಲಿತಾಂಶವನ್ನು ಹಾಗೇ ಎತ್ತಿ ಅಂಟಿಸುವಂತಿಲ್ಲ.

ಇನ್ನೊಂದು ಮಾತು, ಅಧ್ಯಯನ ಯಾವ ಪ್ರಾಣಿಯದ್ದು ಎಂದು ನೋಡಿ. ಧಾನ್ಯವಿಲ್ಲದ ಆಹಾರ ಮತ್ತು ಹೃದಯದ ಕಾಯಿಲೆಯ ಬಗ್ಗೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿದಾಗ ಬಂದ ದೂರುಗಳು ಬಹುಪಾಲು ನಾಯಿಗಳದ್ದು. ಫಾರ್ವರ್ಡ್ ಆಗುವಾಗ ಅದು ಬೆಕ್ಕಿನದ್ದೂ ಆಗಿಬಿಟ್ಟಿತು.

ನಾಲ್ಕನೇ ಹೆಜ್ಜೆ: ಪೊಟ್ಟಣದ ಹಿಂಬದಿ

ಎಲ್ಲಕ್ಕಿಂತ ಹೆಚ್ಚು ಮಾಹಿತಿ ಇರುವುದು ಇಲ್ಲಿ, ಜನ ಓದದೇ ಇರುವುದೂ ಇಲ್ಲೇ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ: ದೊಡ್ಡ ಚೀಲ ಬಿಚ್ಚಿ ಕಾಲು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಬಿಳಿ ಕವರಿಗೆ ತುಂಬಿ ಮಾರುವ ಪದ್ಧತಿ ಊರೂರಲ್ಲಿ ಇದೆ. ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಆ ಕವರಿನಲ್ಲಿ ತಯಾರಾದ ತಾರೀಖಿಲ್ಲ, ಬ್ಯಾಚ್ ನಂಬರ್ ಇಲ್ಲ, ಮರಿಯದೋ ದೊಡ್ಡದರದೋ ಗೊತ್ತಿಲ್ಲ. ಲೂಸ್ ತೆಗೆದುಕೊಳ್ಳಲೇಬೇಕಾದರೆ "ಅಣ್ಣಾ, ಚೀಲ ಒಂದ್ಸಲ ತೋರ್ಸಿ" ಎಂದು ಹೇಳಿ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ತೋರಿಸದ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ.

ಮುಂಬದಿಯ ಸಾಲ್ಮನ್ ಚಿತ್ರ, 'ಪ್ರೀಮಿಯಂ', 'ನ್ಯಾಚುರಲ್', 'ಹೋಲಿಸ್ಟಿಕ್' ಇವಕ್ಕೆ ಕಣ್ಣು ಕೊಡದೆ ತಿರುಗಿಸಿ. ಹುಡುಕಬೇಕಾದ ಸಾಲು 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್', ಅಂದರೆ ಇದೊಂದನ್ನೇ ಹಾಕಿದರೂ ಸಾಕು ಎಂಬ ಭರವಸೆ. ಅದರ ಪಕ್ಕದಲ್ಲಿ ಯಾವ ವಯಸ್ಸಿಗೆ ಎಂದು ಇರಬೇಕು: ಮರಿಗೋ, ದೊಡ್ಡದಕ್ಕೋ, ಎಲ್ಲ ವಯಸ್ಸಿಗೋ. ಮಕ್ಕಳು ಇಷ್ಟಪಟ್ಟು ತರುವ ಕೊಳವೆಯಾಕಾರದ ಕೆನೆಯಂಥ ತಿನಿಸು, ಗ್ರೇವಿಯ ಕೆಲವು ಸಣ್ಣ ಪೌಚ್ ಇವುಗಳ ಮೇಲೆ 'ಕಾಂಪ್ಲಿಮೆಂಟರಿ' ಅಥವಾ 'ಟ್ರೀಟ್' ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅವು ಊಟವಲ್ಲ. ದಿನದ ಕ್ಯಾಲರಿಯಲ್ಲಿ ಹತ್ತನೇ ಒಂದು ಭಾಗ ದಾಟಬಾರದು.

ಎಎಎಫ್‌ಸಿಒ ಎಂಬ ಹೆಸರು ಕಂಡರೆ ಅದು ಅಮೆರಿಕದ ಆಹಾರ ನಿಯಂತ್ರಣಾಧಿಕಾರಿಗಳ ಸಂಘ. ಅದು ಅಳತೆಗೋಲು ಹಾಕಿಕೊಡುತ್ತದೆ ಅಷ್ಟೇ. ಯಾವ ಪೊಟ್ಟಣವನ್ನೂ ತಾನೇ ಪರೀಕ್ಷಿಸಿ ಒಪ್ಪಿಗೆಯ ಮುದ್ರೆ ಒತ್ತುವುದಿಲ್ಲ, ಆದ್ದರಿಂದ 'ಎಎಎಫ್‌ಸಿಒ ಅಪ್ರೂವ್ಡ್' ಎಂದು ಬರೆದುಕೊಂಡವರ ಬಗ್ಗೆ ಅನುಮಾನ ಇರಲಿ. ಆ ಅಳತೆಯ ಪ್ರಕಾರ ನೀರಿನಂಶ ತೆಗೆದ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ ಶೇ. 26, ಮರಿಗೆ ಶೇ. 30 ಪ್ರೋಟೀನ್ ಬೇಕು. ಯುರೋಪಿನಲ್ಲಿ ಇಂಥದೇ ಅಳತೆ ಕೊಡುವುದು ಫೆಡಿಯಾಫ್, ಅದು ತಯಾರಕರದ್ದೇ ಒಕ್ಕೂಟ. ಎಎಎಫ್‌ಸಿಒ ಸಾಲಿನಲ್ಲಿ ಎರಡು ಬಗೆ ಉಂಟು: ಸೂತ್ರದ ಪ್ರಕಾರ ಲೆಕ್ಕ ಹಾಕಿ ತಯಾರಿಸಿದ್ದು, ಬೆಕ್ಕುಗಳಿಗೆ ತಿನ್ನಿಸಿ ನೋಡಿದ್ದು. ಎರಡನೆಯದು ಮೇಲು ಎನಿಸುತ್ತದೆ, ಆದರೆ ದೊಡ್ಡ ಬೆಕ್ಕಿನ ಪರೀಕ್ಷೆಗೆ ಕನಿಷ್ಠ 8 ಬೆಕ್ಕು, 26 ವಾರ ಸಾಕು. ಹತ್ತು ವರ್ಷ ತಿಂದರೆ ಏನಾಗುತ್ತದೆ ಎಂಬುದನ್ನು ಅದು ಹೇಳದು.

ಈಗ ಲೆಕ್ಕ. ಡ್ರೈ ಫುಡ್ ಪೊಟ್ಟಣದಲ್ಲಿ ಪ್ರೋಟೀನ್ ಶೇ. 30, ಪೌಚಿನಲ್ಲಿ ಶೇ. 8 ಎಂದಿದ್ದರೆ ಪೌಚ್ ಕಳಪೆ ಅಂತ ತೀರ್ಮಾನಿಸಬೇಡಿ. ನೀರಿನಂಶ ತೆಗೆದು ನೋಡಿ. ಡ್ರೈ ಫುಡ್‌ನಲ್ಲಿ ಶೇ. 10 ನೀರು ಇದ್ದರೆ ಉಳಿದ 90ರಲ್ಲಿ 30 ಪ್ರೋಟೀನ್, ಅಂದರೆ ಸುಮಾರು ಶೇ. 33. ಪೌಚಿನಲ್ಲಿ ಶೇ. 85 ನೀರು, ಉಳಿದ 15ರಲ್ಲಿ 8 ಪ್ರೋಟೀನ್, ಅಂದರೆ ಸುಮಾರು ಶೇ. 53. ಫೋನಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಈ ಒಂದು ಲೆಕ್ಕ ಬಂದರೆ ಅಂಗಡಿಯವರ ಎಷ್ಟೋ ಮಾತಿಗೆ ನೀವೇ ಉತ್ತರ ಕೊಡಬಹುದು.

ಇನ್ನು ಪ್ರಮಾಣ. ನಾಲ್ಕು ಕಿಲೋ ತೂಗುವ, ಆಪರೇಷನ್ ಆದ, ಹೆಚ್ಚು ಓಡಾಡದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋ ಕ್ಯಾಲರಿ ಸಾಕು. ಡ್ರೈ ಫುಡ್ ಸಾಮಾನ್ಯವಾಗಿ 100 ಗ್ರಾಮಿಗೆ 350ರಿಂದ 400 ಕಿಲೋ ಕ್ಯಾಲರಿ ಕೊಡುತ್ತದೆ. ಹಾಗಾಗಿ ದಿನಕ್ಕೆ 60 ಗ್ರಾಮಿನ ಆಸುಪಾಸು. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಬಟ್ಟಲಿನ ತಳ ಮುಚ್ಚುವಷ್ಟೇ ಆಗುತ್ತದೆ. ಪೊಟ್ಟಣದ ಮೇಲಿನ ಕೋಷ್ಟಕ ಒಂದು ಆರಂಭದ ಅಂದಾಜು. ಎರಡು ಮೂರು ವಾರ ಬಿಟ್ಟು ಮತ್ತೆ ತೂಗಿ, ಮೊದಲ ಹೆಜ್ಜೆಯ ಹಾಳೆ ನೋಡಿ, ಹೆಚ್ಚು ಕಮ್ಮಿ ಮಾಡಿ.

ಐದನೇ ಹೆಜ್ಜೆ: ಕಂಪನಿಗೆ ಒಂದು ಫೋನ್

ಪೊಟ್ಟಣದ ಮೇಲೆ ಗ್ರಾಹಕ ಸೇವೆಯ ನಂಬರ್ ಇರುತ್ತದೆ, ಬಳಸಿಕೊಳ್ಳಿ. ಸೂತ್ರ ತಯಾರಿಸಿದವರು ಯಾರು, ಅವರ ಓದೇನು? ಸ್ವಂತ ಕಾರ್ಖಾನೆಯೋ ಬೇರೆಯವರಿಂದ ಮಾಡಿಸುವುದೋ? ಕ್ಯಾಲರಿ ಎಷ್ಟು? ಟಾರಿನ್, ಕ್ಯಾಲ್ಸಿಯಂ, ರಂಜಕದ ಪ್ರಮಾಣ ಎಷ್ಟು? ಕನಿಷ್ಠ, ಗರಿಷ್ಠ ಎಂದು ಹೇಳದೆ ನಿಜವಾದ ಅಂಕಿ ಕೊಡುತ್ತೀರಾ? ಡಬ್ಲ್ಯುಎಸ್‌ಎವಿಎ ಸಾಕುವವರಿಗೆ ಕೇಳಲು ಹೇಳುವ ಪ್ರಶ್ನೆಗಳೂ ಇದೇ ಜಾತಿಯವು. ಫೋನಿನಲ್ಲಿ ತಡವರಿಸಿದರೆ ಇಮೇಲ್ ಬರೆಯಿರಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಅದನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಚೀಲ ಕೊಳ್ಳುವಾಗ ಬೇಕಾಗುತ್ತದೆ. ಕಂಪನಿಗಳೆಲ್ಲ ಮೋಸ ಎನ್ನುವವರ ಪೈಕಿ ನಾನಲ್ಲ, ಕೇಳಿದ್ದಕ್ಕೆ ಉತ್ತರಿಸದವರ ಪರ ವಹಿಸುವವನೂ ಅಲ್ಲ.

ಆರನೇ ಹೆಜ್ಜೆ: ಪಶುವೈದ್ಯರ ಸಮಯವನ್ನು ಸರಿಯಾಗಿ ಬಳಸುವುದು

ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದನ, ಹಂದಿ, ಕೋಳಿ, ಬೇಟೆನಾಯಿಗಳ ಸಾಲೇ ಉದ್ದ. ಬೆಕ್ಕಿನ ಊಟದ ಚರ್ಚೆಗೆ ಡಾಕ್ಟರಿಗೆ ಸಿಗುವುದು ಐದು ನಿಮಿಷ. ಮುಂಚೆ ಫೋನ್ ಮಾಡಿ, ಕರುಹಾಕಿಸುವ ತುರ್ತಿಗೆ ಅವರು ಹೊರಗೆ ಹೋಗಿರಲೂಬಹುದು. ಹೋಗುವಾಗ ಹಾಳೆ ಮತ್ತು ಪೊಟ್ಟಣದ ಫೋಟೊ ಜೊತೆಗಿರಲಿ. 'ಏನು ಹಾಕ್ಲಿ ಡಾಕ್ಟ್ರೇ' ಎಂದು ಕೇಳಿದರೆ ಕೈಗೆ ಸಿಕ್ಕ ಬ್ರ್ಯಾಂಡಿನ ಹೆಸರು ಬರುತ್ತದೆ. 'ಇದಕ್ಕೆ ಎಂಟು ವರ್ಷ, ಎರಡು ತಿಂಗಳಲ್ಲಿ ಮುನ್ನೂರು ಗ್ರಾಮ್ ಇಳಿದಿದೆ, ನೀರು ಜಾಸ್ತಿ ಕುಡೀತಿದೆ, ಸದ್ಯ ಇದನ್ನ ಇಷ್ಟು ತಿಂತಿದೆ' ಎಂದರೆ ಡಾಕ್ಟರು ಊಟದ ಮಾತು ಬದಿಗಿಟ್ಟು ರಕ್ತ ಪರೀಕ್ಷೆ ಬರೆದಾರು. ನಿಮಗೆ ಬೇಕಾಗಿದ್ದದ್ದೂ ಅದೇ.

ಕಿಡ್ನಿ, ಮೂತ್ರದ ಹರಳು, ಸಕ್ಕರೆ ಕಾಯಿಲೆಗೆಂದೇ ಮಾಡಿದ ಆಹಾರಗಳನ್ನು ಮಾತ್ರ ಆನ್‌ಲೈನ್ ವಿಮರ್ಶೆ ಓದಿ ತರಬೇಡಿ. ಒಂದು ಬಗೆಯ ಹರಳನ್ನು ಕರಗಿಸುವ ಆಹಾರ ಇನ್ನೊಂದು ಬಗೆಯದನ್ನು ಕರಗಿಸುವುದಿಲ್ಲ.

ಇಲ್ಲಿ ಬಗೆಹರಿಯದ ಸಮಸ್ಯೆಯಾದರೆ ಪಶುವೈದ್ಯ ಕಾಲೇಜುಗಳಿವೆ. ಶನಿವಾರಸಂತೆ, ಸೋಮವಾರಪೇಟೆ ಕಡೆಯವರಿಗೆ ಹಾಸನ, ಕುಟ್ಟ, ಶ್ರೀಮಂಗಲದವರಿಗೆ ಗಡಿಯಾಚೆ ವಯನಾಡಿನ ಪೂಕೋಡು, ಬೆಂಗಳೂರಿಗೆ ಹೋಗಿಬರುವವರಿಗೆ ಹೆಬ್ಬಾಳ. ಪೋಷಣೆಯ ವಿಭಾಗದ ಅಧ್ಯಾಪಕರ ಕೆಲಸ ಹೆಚ್ಚಾಗಿ ದನ, ಕೋಳಿಯ ಮೇವಿನ ಮೇಲೆ. ಆದರೆ ಲೇಬಲ್ ಓದುವುದರಲ್ಲಿ, ಲೆಕ್ಕ ಹಾಕುವುದರಲ್ಲಿ ಅವರಿಗಿಂತ ಪಳಗಿದವರು ಹತ್ತಿರದಲ್ಲಿ ಸಿಗಲಿಕ್ಕಿಲ್ಲ.

ಏಳನೇ ಹೆಜ್ಜೆ: ಒಂದು ಫಾರ್ವರ್ಡ್ ಹಿಡಿದು ನೋಡೋಣ

'ಬೆಕ್ಕಿಗೆ ಬೆಳ್ಳುಳ್ಳಿ ಅರೆದು ಕೊಟ್ಟರೆ ಹೊಟ್ಟೆಹುಳ ಉದುರುತ್ತದೆ.' ಇಂಥದ್ದು ಬಂದಾಗ ಏನು ಮಾಡಬೇಕು? ಯಾವ ಬೆಕ್ಕಿಗೆ ಎಂದು ಅದರಲ್ಲಿಲ್ಲ, ಎಷ್ಟು ಎಂದಿಲ್ಲ, ಎಷ್ಟು ದಿನ ಎಂದಿಲ್ಲ. ಬರೆದವರ ಹೆಸರೂ ಇಲ್ಲ. ಮರ್ಕ್ ಕೈಪಿಡಿಯಲ್ಲಿ ಬೆಳ್ಳುಳ್ಳಿ ಎಂದು ಹುಡುಕಿದರೆ ಅದು ಸಿಗುವುದು ವಿಷಗಳ ಅಧ್ಯಾಯದಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಗಡ್ಡೆಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿನ ದೇಹದ ತೂಕದ ಪ್ರತಿ ಕಿಲೋಗೆ 5 ಗ್ರಾಮ್ ಈರುಳ್ಳಿಯೇ ರಕ್ತದಲ್ಲಿ ತೊಂದರೆ ಕಾಣಿಸಲು ಸಾಕು. ನಾಲ್ಕು ಕಿಲೋ ಬೆಕ್ಕಿಗೆ ಲೆಕ್ಕ ಹಾಕಿದರೆ 20 ಗ್ರಾಮ್, ಒಂದು ಸಣ್ಣ ಈರುಳ್ಳಿಯಷ್ಟೂ ಇಲ್ಲ. ಬೆಳ್ಳುಳ್ಳಿಯ ವಿಷ ಅದಕ್ಕಿಂತ ಜೋರು. ಬೇಯಿಸಿದರೂ ವಿಷ ಹೋಗದು. ಫಾರ್ವರ್ಡಿನ ಕಥೆ ಮುಗಿಯಿತು. ಜೊತೆಗೆ, ಹಬ್ಬದ ಮರುದಿನ ಉಳಿದ ಪಂದಿ ಕರಿಯನ್ನು ಬೆಕ್ಕಿನ ತಟ್ಟೆಗೆ ಸುರಿಯುವ ಅಭ್ಯಾಸವೂ ಮುಗಿಯಬೇಕು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇವೆ, ಸಾಲದ್ದಕ್ಕೆ ಉಪ್ಪು, ಕಾಚಂಪುಳಿಯ ಹುಳಿ. ಬೆಕ್ಕಿಗೆ ಹಂದಿ ಮಾಂಸ ಕೊಡುವ ಮನಸ್ಸಿದ್ದರೆ ಮಸಾಲೆ ಹಾಕುವ ಮೊದಲೇ ಎರಡು ತುಂಡು ತೆಗೆದು ಚೆನ್ನಾಗಿ ಬೇಯಿಸಿಡಿ.

ಮತ್ತಿ ಮೀನಿನ ಮಾತನ್ನೂ ಹೀಗೇ ಪರೀಕ್ಷಿಸಬಹುದು. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಕಷ್ಟ. ಮೀನಿನಲ್ಲಿ ಟಾರಿನ್ ಇದೆ, ಒಳ್ಳೆಯ ಕೊಬ್ಬಿದೆ, ವಾರಕ್ಕೆ ಒಂದೆರಡು ಸಲ ಬೇಯಿಸಿ ಮುಳ್ಳು ತೆಗೆದು ಹಾಕಿದರೆ ತಪ್ಪೇನಿಲ್ಲ. ದಿನವೂ ಅದೊಂದೇ ಆದಾಗ ಕೆಡುತ್ತದೆ. ಎಣ್ಣೆಯಂಶ ಹೆಚ್ಚಿರುವ ಮೀನು ವಿಟಮಿನ್ 'ಇ'ಯನ್ನು ಖರ್ಚು ಮಾಡಿಸುತ್ತದೆ. ಕೊರತೆಯಾದಾಗ ಚರ್ಮದಡಿಯ ಕೊಬ್ಬು ಉರಿದು ಗಂಟುಕಟ್ಟಿ, ಮೈ ಮುಟ್ಟಿದರೆ ಬೆಕ್ಕು ಕಿರುಚುತ್ತದೆ. ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ನಾಶಮಾಡುವ ಕಿಣ್ವ ಇರುತ್ತದೆ. ಅದರ ಕೊರತೆಯಲ್ಲಿ ಬೆಕ್ಕಿನ ತಲೆ ಎದೆಯ ಕಡೆಗೆ ಬಾಗಿ ನಡಿಗೆ ತಡವರಿಸುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಒಣಮೀನು ಬರೀ ಉಪ್ಪು, ಅದು ಬೇಡವೇ ಬೇಡ.

ಹಾಲಿನ ವಿಷಯ ಚಿಕ್ಕದು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ. ತಾಯಿ ಇಲ್ಲದ ಮರಿಗೂ ದನದ ಹಾಲು ಸಾಲದು, ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನ್ ಅದರಲ್ಲಿಲ್ಲ. ಮರಿಗಳಿಗೆಂದೇ ಇರುವ ಹಾಲಿನ ಪುಡಿ ತರಿಸಿ.

ಎಂಟನೇ ಹೆಜ್ಜೆ: ಮನೆಯಡುಗೆಯ ರೆಸಿಪಿ ಸಿಕ್ಕಾಗ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪುಸ್ತಕ ಮತ್ತು ಅಂತರ್ಜಾಲದಲ್ಲಿ ಸಿಕ್ಕ 114 ಬೆಕ್ಕಿನ ರೆಸಿಪಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಲೆಕ್ಕ ಹಾಕುವಷ್ಟು ವಿವರ ಇದ್ದದ್ದು 94ರಲ್ಲಿ ಮಾತ್ರ. ಅವುಗಳಲ್ಲಿ ಅಗತ್ಯ ಪೋಷಕಾಂಶಗಳೆಲ್ಲ ಸರಿಯಾಗಿ ಇದ್ದದ್ದು ಒಂದೂ ಇಲ್ಲ. ಒಂದೇ ಒಂದರ ಕೊರತೆಯೊಂದಿಗೆ ಹತ್ತಿರ ಬಂದದ್ದು ಐದು, ಐದೂ ಪಶುವೈದ್ಯರು ಬರೆದವು. ಹಾಗಾಗಿ ರೆಸಿಪಿಯಲ್ಲಿ ಗ್ರಾಮ್ ಲೆಕ್ಕ ಇದೆಯೇ, ಕ್ಯಾಲ್ಸಿಯಂ ಮತ್ತು ಟಾರಿನ್ ಯಾವ ರೂಪದಲ್ಲಿ ಎಷ್ಟು ಹಾಕಬೇಕೆಂದು ಬರೆದಿದೆಯೇ, ಯಾರು ಬರೆದರು ಎಂದು ನೋಡಿ. 'ಒಂದು ಹಿಡಿ ಅನ್ನ, ಸ್ವಲ್ಪ ಕೋಳಿ, ಬೇಕಿದ್ದರೆ ಕ್ಯಾರೆಟ್' ಎಂದಿದ್ದರೆ ಜ್ವರ ಬಂದ ಎರಡು ದಿನಕ್ಕೆ ಸರಿ, ವರ್ಷಗಟ್ಟಲೆಗೆ ಅಲ್ಲ. ನನ್ನ ಮನೆಯಲ್ಲಿ ಮುಕ್ಕಾಲು ಪಾಲು ಸಿದ್ಧ ಆಹಾರ, ಮೇಲಿಂದ ಬೇಯಿಸಿದ ಕೋಳಿ ಮತ್ತು ಅದರ ನೀರು. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ, ಇಳಿದುಹೋದ ಟಾರಿನ್ ಅದರಲ್ಲೇ ಇರುತ್ತದೆ.

ಹಸಿ ಕೋಳಿಯ ವಿಷಯದಲ್ಲಿ ಈಗ ಇನ್ನೊಂದು ಕಾರಣವೂ ಸೇರಿದೆ. ಹಕ್ಕಿಜ್ವರದ ಎಚ್5ಎನ್1 ವೈರಸ್ ಬೆಕ್ಕುಗಳಿಗೆ ಮಾರಕ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲಿ ಅದು ಪತ್ತೆಯಾಯಿತು. ಕೋಳಿಯನ್ನು ಪೂರ್ತಿ ಬೇಯಿಸಿದರೆ ವೈರಸ್ ಉಳಿಯದು. ಹಸಿ ಕರುಳು, ತಲೆಗಳನ್ನು ಬೆಕ್ಕಿಗೆಂದು ಕೋಳಿ ಅಂಗಡಿಯಿಂದ ತರುವವರು ಈ ಮಾತು ಗಮನಿಸಿ.

ಹುಡುಕುತ್ತ ಕೂರಬಾರದ ಹೊತ್ತು

ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು ಹನಿಯೂ ಬಾರದಿದ್ದರೆ ಅದೇ ಗಳಿಗೆ ಹೊರಡಿ, ಒಂದೆರಡು ದಿನದಲ್ಲಿ ಸಾಯಬಹುದು. ದಪ್ಪ ಬೆಕ್ಕು ಎರಡು ದಿನ ಏನೂ ಮುಟ್ಟದಿದ್ದರೆ ಲಿವರಿಗೆ ಕೊಬ್ಬು ತುಂಬಿಕೊಳ್ಳಬಹುದು. ಹಸಿದರೆ ತಾನೇ ತಿನ್ನುತ್ತದೆ ಎಂಬ ಮಾತು ಬೆಕ್ಕಿಗೆ ಸಲ್ಲದು. ಹೊಸ ಆಹಾರಕ್ಕೆ ಬದಲಿಸುವಾಗಲೂ ಇದು ನೆನಪಿರಲಿ: ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ. ಇಲಿ ಪಾಷಾಣ ತಿಂದ ಇಲಿಯನ್ನು ಹಿಡಿದ ಅನುಮಾನ ಬಂದರೆ ಪಾಷಾಣದ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ. ಜ್ವರ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆಯೇ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಮಳೆಗಾಲಕ್ಕೆ ಮುಂಚೆ

ಕಕ್ಕಡದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ದೇಹಸ್ಥಿತಿ ಅಂಕಪಟ್ಟಿ, ಕ್ಯಾಲರಿ ಲೆಕ್ಕ, ತಿನ್ನಬಾರದವುಗಳ ಪುಟ ಇವನ್ನು ಮೇ ತಿಂಗಳಲ್ಲೇ ಪಿಡಿಎಫ್ ಮಾಡಿ ಫೋನಿನಲ್ಲಿ ಇಳಿಸಿಕೊಳ್ಳಿ, ಅಂಕಪಟ್ಟಿಯ ಒಂದು ಪ್ರಿಂಟ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಡಾಕ್ಟರ ನಂಬರ್ ಅದರ ಮೇಲೇ ಬರೆದಿರಲಿ.

ಡ್ರೈ ಫುಡ್ ನಮ್ಮ ಥಂಡಿಗೆ ಬಹುಬೇಗ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟಿನ ವಿಷ ಬಿಸಿ ಮಾಡಿದರೂ ಹೋಗದು, ಒಣಗಿಸಿ ಮತ್ತೆ ಹಾಕುವ ಯೋಚನೆ ಬೇಡ. ಮಳೆಗಾಲದಲ್ಲಿ ದೊಡ್ಡ ಚೀಲದ ಆಸೆ ಬಿಟ್ಟು ತಿಂಗಳೊಳಗೆ ಮುಗಿಯುವಷ್ಟನ್ನೇ ತನ್ನಿ. ಆಹಾರವನ್ನು ಡಬ್ಬಕ್ಕೆ ಸುರಿಯದೆ, ಚೀಲದ ಸಮೇತ ಗಾಳಿಯಾಡದ ಡಬ್ಬದೊಳಗೆ ಇಳಿಸಿ ಬಾಯಿ ಮಡಚಿಡಿ. ಬ್ಯಾಚ್ ನಂಬರ್ ಜೊತೆಗೇ ಉಳಿಯುತ್ತದೆ. ಬೆಕ್ಕು ವಾಂತಿ ಮಾಡಿಕೊಂಡ ದಿನ ಡಾಕ್ಟರೂ ಕೇಳುತ್ತಾರೆ, ಕಂಪನಿಯವರೂ ಕೇಳುತ್ತಾರೆ.